ಬ್ಲಾಗ್ ಬರೆದು ಬದುಕುವವರೇ, ಡೊಮೇನ್ ಏಜೆನ್ಸಿಯ ಕೈಗೆ ಕೊಡಬೇಡಿ

ಕನ್ನಡದಲ್ಲಿ ಬ್ಲಾಗ್ ಬರೆದೇ ಸಂಸಾರ ತೂಗಿಸಬೇಕು ಅಂತ ಹೊರಟವರಿಗೆ ಈ ಬರಹ. ‘ನೀವು ಬರೆದುಕೊಂಡಿರಿ ಸಾಕು ಸರ್. ಸರ್ವರ್, ಎಸ್‌ಇಒ (ಗೂಗಲ್ ಹುಡುಕಾಟದಲ್ಲಿ ಮೇಲೆ ತರುವ ಕೆಲಸ), ಜಾಹೀರಾತು ಎಲ್ಲಾ ನಮಗೆ ಬಿಡಿ. ತಿಂಗಳಿಗೆ ಇಂತಿಷ್ಟು ಅಂತ ಗ್ಯಾರಂಟಿ ಕೊಡ್ತೀವಿ’ ಅಂತ ಯಾರಾದರೂ ಫೋನ್ ಮಾಡಿದರೆ, ಹೂಂ ಅನ್ನುವ ಮೊದಲು ಇದನ್ನು ಪೂರ್ತಿ ಓದಿ. ನಾನು ವರ್ಷಗಟ್ಟಲೆ ಬರೆದು ಬೆಳೆಸಿದ ಬ್ಲಾಗ್ ಇವತ್ತು ನನ್ನದಲ್ಲ.

ನಾನು ಮಂಡ್ಯದವನು. ನಮ್ಮ ಸುತ್ತಲಿನ ಹೊಯ್ಸಳ ದೇವಸ್ಥಾನ, ಹಳೇ ಕೆರೆ, ನಾಲೆಗಳ ಬಗ್ಗೆ ಬರೆಯುತ್ತೇನೆ. ಹೊಸಹೊಳಲು, ಗೋವಿಂದನಹಳ್ಳಿ, ಬಸರಾಳು ಹೀಗೆ ಒಂದೊಂದು ಊರಿಗೂ ಹೋಗಿ, ಅಲ್ಲಿನವರನ್ನು ಮಾತಾಡಿಸಿ, ಫೋಟೊ ತೆಗೆದು ಬರೆದದ್ದು. ಓದುಗರಿದ್ದರು, ದುಡ್ಡಿರಲಿಲ್ಲ. ಬ್ಲಾಗ್‌ನಲ್ಲಿ ಜಾಹೀರಾತು ತೋರಿಸಿದ್ದಕ್ಕೆ ದುಡ್ಡು ಕೊಡುವ ಗೂಗಲ್ ಆಡ್‌ಸೆನ್ಸ್‌ನಲ್ಲಿ 100 ಡಾಲರ್ ದಾಟಿದರೆ ಮಾತ್ರ ಹಣ ಬ್ಯಾಂಕಿಗೆ ಬರುತ್ತದೆ, ಇಲ್ಲವಾದರೆ ಮುಂದಿನ ತಿಂಗಳಿಗೆ ಹೋಗುತ್ತದೆ. ಕನ್ನಡ ಪುಟಗಳಿಗೆ ಸಿಗುವ ಜಾಹೀರಾತಿನ ದರವೂ ಕಡಿಮೆ. ಪೆಟ್ರೋಲ್ ಖರ್ಚನ್ನೂ ಕೈಯಿಂದ ಹಾಕುತ್ತಿರುವಾಗ ‘ತಿಂಗಳಿಗೆ 15,000 ಖಚಿತ’ ಅನ್ನುವ ಮಾತಿಗೆ ಎಂಥ ತೂಕವಿರುತ್ತದೆ ಅನ್ನುವುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತು. ಏಜೆನ್ಸಿಯವರಿಗೂ ಗೊತ್ತು.

ಮೈಸೂರಿನ ಒಂದು ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿ ಬಂದದ್ದು ಆಗಲೇ. ಶುರುವಿನಲ್ಲಿ ಎಲ್ಲಾ ಸರಿಯಾಗಿತ್ತು, ಹೇಳಿದ ದಿನಕ್ಕೆ ಹಣ ಬೀಳುತ್ತಿತ್ತು. ಆಮೇಲೆ, ಸೈಟ್ ನಿಧಾನ ಇದೆ, ನಮ್ಮ ಸರ್ವರ್‌ಗೆ ಹಾಕೋಣ ಅಂದರು. ಅದಾದ ಮೇಲೆ ಡೊಮೇನ್, ಅಂದರೆ ಬ್ಲಾಗ್‌ನ ವಿಳಾಸ ಕೂಡ ಅವರ ಖಾತೆಗೆ ಹೋಯಿತು. ‘ರಿನ್ಯೂವಲ್ ತಲೆನೋವು ನಿಮಗ್ಯಾಕೆ ಸರ್’ ಅನ್ನುವುದೇ ಅದಕ್ಕೆ ಕೊಟ್ಟ ಕಾರಣ. ಬ್ಲಾಗ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಪೂರ್ತಿ ಹಿಡಿತವಿರುವ ಅಡ್ಮಿನ್ ಅವರು, ಬರೆದು ತಿದ್ದುವಷ್ಟೇ ಅಧಿಕಾರದ ಎಡಿಟರ್ ನಾನು. ಬರೆಯುವುದಕ್ಕೆ ಅಷ್ಟು ಸಾಕಾಗುವುದರಿಂದ ವ್ಯತ್ಯಾಸವೇ ತಿಳಿಯುವುದಿಲ್ಲ. ಒಂದು ಸಂಜೆ ನಾಗಮಂಗಲದ ಓದುಗರೊಬ್ಬರು ವಾಟ್ಸ್‌ಆ್ಯಪ್ ಮಾಡಿದರು: ‘ಅಣ್ಣ, ನಿಮ್ಮ ಬಸರಾಳು ಬರಹ ಓದ್ತಿದ್ದೆ. ಮಧ್ಯದಲ್ಲಿ ಬೆರಳು ತಾಗಿದ್ರೆ ರಮ್ಮಿ ಆಟ ಓಪನ್ ಆಗುತ್ತೆ. ನೀವೇ ಹಾಕಿರೋದಾ?’

ಬಸರಾಳಿನ ಮಲ್ಲಿಕಾರ್ಜುನ ದೇವಸ್ಥಾನ 1234ರಲ್ಲಿ ಹರಿಹರ ದಣ್ಣಾಯಕ ಕಟ್ಟಿಸಿದ್ದು. ಹೊರಗೋಡೆಯ ರಾಮಾಯಣ, ಮಹಾಭಾರತದ ಕೆತ್ತನೆಗಳನ್ನು ಸಾಲುಸಾಲಾಗಿ ವಿವರಿಸಿ ಬರೆದ ಲೇಖನ ಅದು. ಆ ವಿವರಣೆಯ ನಡುವೆ ನಾನು ಬರೆಯದ ಒಂದು ವಾಕ್ಯ ಕೂತಿತ್ತು: ಪ್ರವಾಸದ ಬಿಡುವಿನಲ್ಲಿ ಈ ಆಟ ಆಡಿ ನೋಡಿ, ಮೊದಲ ಠೇವಣಿಗೆ ಬೋನಸ್ ಇದೆ. ಲಿಂಕ್‌ನ ಬಣ್ಣವನ್ನು ಅಕ್ಷರದ ಬಣ್ಣಕ್ಕೇ ಹೊಂದಿಸಿದ್ದರು, ಅಡಿಗೆರೆಯೂ ಇಲ್ಲ. ಕಣ್ಣಿಗೆ ಕಾಣದು, ಬೆರಳಿಗೆ ಸಿಗುತ್ತದೆ. ವರ್ಡ್‌ಪ್ರೆಸ್‌ನ ‘ರಿವಿಷನ್ಸ್’ ತೆಗೆದು ನೋಡಿದರೆ ಅಡ್ಮಿನ್ ಖಾತೆಯಿಂದ ತಿದ್ದಿದ್ದು ದಿನ, ಗಂಟೆ ಸಮೇತ ಇತ್ತು. ಉಳಿದ ಲೇಖನಗಳನ್ನು ನೋಡುತ್ತಾ ಹೋದೆ. ಬೆಟ್ಟಿಂಗ್, ಸಾಲದ ಆ್ಯಪ್, ಲೈಂಗಿಕ ಶಕ್ತಿಯ ಮಾತ್ರೆ. ಎಲ್ಲದರ ಮೇಲೂ ನನ್ನ ಹೆಸರು, ನನ್ನ ಫೋಟೊ.

ಇದೇ ಅವರ ಅಸಲಿ ವ್ಯಾಪಾರ. ಹಳೆಯ, ನಂಬಿಕೆಯ ಸೈಟ್‌ನಿಂದ ಲಿಂಕ್ ಸಿಕ್ಕರೆ ಗೂಗಲ್ ಹುಡುಕಾಟದಲ್ಲಿ ಮೇಲೆ ಬರಬಹುದು ಅಂತ ಇಂಥ ಆ್ಯಪ್‌ನವರು ದುಡ್ಡು ಕೊಡುತ್ತಾರೆ. ಹಣ ಪಡೆದು ಹಾಕಿದ ಲಿಂಕ್‌ಗೆ ‘ಸ್ಪಾನ್ಸರ್ಡ್’ ಅಥವಾ ‘ನೋಫಾಲೋ’ ಗುರುತು ಇರಬೇಕು ಅನ್ನುವುದು ಗೂಗಲ್‌ನ ನಿಯಮ. ಆ ಗುರುತು ಹಾಕಿದರೆ ಗೂಗಲ್ ಸಾಮಾನ್ಯವಾಗಿ ಆ ಲಿಂಕನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಇವರ ಸರಕಿಗೆ ಬೆಲೆಯಿಲ್ಲ, ಅದಕ್ಕೇ ಕದ್ದು ಸೇರಿಸುತ್ತಾರೆ. ಏಜೆನ್ಸಿಗೆ ಬೇಕಾಗಿದ್ದುದು ನನ್ನ ಬರಹವಲ್ಲ, ಆ ವಿಳಾಸಕ್ಕಿದ್ದ ಮರ್ಯಾದೆ. ಅಪಾಯ ಮಾತ್ರ ಹೆಸರಿರುವವನದು. 2025ರಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಹಣ ಕಟ್ಟಿ ಆಡುವ ಆಟಗಳ ಜಾಹೀರಾತಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ. ಅದಕ್ಕಿಂತ ಹೆಚ್ಚಾಗಿ, ನನ್ನನ್ನು ನಂಬಿ ಓದುವ ಹುಡುಗರನ್ನು ನನ್ನ ಬರಹವೇ ಜೂಜಿಗೆ ಕರೆದೊಯ್ಯುತ್ತಿತ್ತಲ್ಲ ಅನ್ನುವುದು ನನಗೆ ಇವತ್ತಿಗೂ ಸಹಿಸಲಾಗದ ಸಂಗತಿ.

ಏಜೆನ್ಸಿಯವರನ್ನು ಕೇಳಿದ್ದಕ್ಕೆ ‘ನಿಮ್ಮ ಹದಿನೈದು ಸಾವಿರ ಎಲ್ಲಿಂದ ಬರ್ತಿತ್ತು ಅನ್ಕೊಂಡ್ರಿ ಸರ್?’ ಅಂದರು. ಅಷ್ಟರಲ್ಲಿ ಸೈಟ್ ನಡೆಸುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ಗೆ ಮ್ಯಾನ್ಯುಯಲ್ ಆ್ಯಕ್ಷನ್, ಅಂದರೆ ನಿಯಮ ಮುರಿದದ್ದಕ್ಕೆ ಶಿಕ್ಷೆಯ ನೋಟಿಸ್ ಬಂತು, ಹುಡುಕಾಟದಿಂದ ಬರುವ ಓದುಗರು ಕುಸಿದರು. ಲಿಂಕ್ ತೆಗೆಯಿರಿ ಅಂತ ಮೇಲ್ ಹಾಕಿದ ಮೇಲೆ ನನ್ನ ಲಾಗಿನ್ ಬಂದ್ ಆಯಿತು. ಬಾಕಿ ಹಣವೂ ನಿಂತಿತು. ಪ್ರತಿ ತಿಂಗಳೂ ಶೇ 10ರಷ್ಟು ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಅಂತ ಹಿಡಿದು 13,500 ಕೊಡುತ್ತಿದ್ದರಲ್ಲ, ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಮ್ಮ ಹೆಸರಿಗೆ ಕಟ್ಟಿದ ತೆರಿಗೆ ತೋರಿಸುವ 26ಎಎಸ್‌ನಲ್ಲಿ ಅದರ ಒಂದು ರೂಪಾಯಿಯೂ ಕಾಣಲಿಲ್ಲ. ಹಿಡಿದದ್ದನ್ನು ಸರ್ಕಾರಕ್ಕೆ ಕಟ್ಟಿಯೇ ಇರಲಿಲ್ಲ. ಯಾರೇ ಟಿಡಿಎಸ್ ಹಿಡಿದರೂ ವರ್ಷದ ಕೊನೆಗೆ ಕಾಯದೆ ಮೂರು ತಿಂಗಳಿಗೊಮ್ಮೆ ಪೋರ್ಟಲ್ ತೆರೆದು ನೋಡಿ.

ಲೇಖನಗಳು ಮಾತ್ರ ನನ್ನವಾಗಿಯೇ ಉಳಿದವು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಲೇಖಕನ ಸಹಿಯಿರುವ ಬರವಣಿಗೆ ಇಲ್ಲದೆ ಹಕ್ಕು ಇನ್ನೊಬ್ಬರಿಗೆ ಹೋಗುವುದಿಲ್ಲ. ನೀವು ಅವರ ಸಂಬಳದ ನೌಕರರಲ್ಲದಿದ್ದರೆ, ದುಡ್ಡು ಕೊಟ್ಟ ಮಾತ್ರಕ್ಕೆ ಬರಹ ಅವರದಾಗದು. ಇದರ ಮೇಲೆಯೇ ಗೂಗಲ್‌ಗೆ ಮತ್ತು ಸರ್ವರ್ ಕಂಪನಿಗೆ ದೂರು ಕೊಟ್ಟಿದ್ದೇನೆ, ಹೊಸ ವಿಳಾಸದಲ್ಲಿ ಒಂದೊಂದೇ ಲೇಖನ ಮತ್ತೆ ಹಾಕುತ್ತಿದ್ದೇನೆ. ಮೂಲ ಫೋಟೊಗಳು, ಡ್ರಾಫ್ಟ್‌ಗಳು ನನ್ನ ಲ್ಯಾಪ್‌ಟಾಪ್‌ನಲ್ಲಿದ್ದದ್ದು ಪುರಾವೆಗೆ ಬಂತು. ಬಾಕಿ ವಸೂಲಿಯ ದಾರಿ ಬೇರೆ. ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಇರುವ ಕಿರು ಉದ್ಯಮಕ್ಕೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಸಣ್ಣ ಉದ್ಯಮಗಳ (ಎಂಎಸ್‌ಎಂಇ) ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ನೋಂದಣಿ ಉಚಿತ, ಆದರೆ ಕೆಲಸ ಒಪ್ಪಿಕೊಳ್ಳುವ ಮೊದಲೇ ಮಾಡಿಸಿಕೊಳ್ಳುವುದು ಒಳ್ಳೆಯದು. ಬರೆಯುವವರು ಇದನ್ನೆಲ್ಲ ಅಂಗಡಿ, ಕಾರ್ಖಾನೆಯವರ ಸಂಗತಿ ಅಂದುಕೊಂಡಿರುತ್ತಾರೆ, ಹಾಗಲ್ಲ.

ಏಜೆನ್ಸಿ ಬೇಕೇ ಬೇಕು ಅನ್ನಿಸಿದರೂ ಡೊಮೇನ್ ನಿಮ್ಮ ಇಮೇಲ್‌ನ ಖಾತೆಯಲ್ಲೇ ಇರಲಿ. ಆಡ್‌ಸೆನ್ಸ್ ನಿಮ್ಮ ಹೆಸರಲ್ಲೇ ಇರಲಿ. ಅಡ್ಮಿನ್ ನೀವಾಗಿರಿ, ಅವರಿಗೆ ಬೇಕಾದರೆ ಎಡಿಟರ್ ಕೊಡಿ. ಲಿಂಕ್ ಹಾಕುವ ಮೊದಲು ನಿಮ್ಮ ಲಿಖಿತ ಒಪ್ಪಿಗೆ ಬೇಕು ಅನ್ನುವ ಒಂದು ಸಾಲು ಕರಾರಿನಲ್ಲಿ ಇಲ್ಲದಿದ್ದರೆ ಸಹಿ ಹಾಕಬೇಡಿ.

ಈಗಾಗಲೇ ಡೊಮೇನ್ ಕೊಟ್ಟಿದ್ದೀರಾ? ಸಂಬಂಧ ಚೆನ್ನಾಗಿರುವಾಗಲೇ, ಜಗಳಕ್ಕೆ ಮೊದಲೇ, ಆಥ್ ಕೋಡ್ (ಡೊಮೇನ್ ವರ್ಗಾವಣೆಗೆ ಬೇಕಾದ ಗುಪ್ತ ಸಂಕೇತ) ಕೇಳಿ ಪಡೆದು ನಿಮ್ಮ ಖಾತೆಗೆ ವರ್ಗಾಯಿಸಿಕೊಳ್ಳಿ. ಡಾಟ್ ಕಾಮ್ ಹೆಸರು ಇತ್ತೀಚೆಗಷ್ಟೇ ಅವರ ರಿಜಿಸ್ಟ್ರಾರ್‌ಗೆ, ಅಂದರೆ ಡೊಮೇನ್ ನೋಂದಾಯಿಸುವ ಕಂಪನಿಗೆ ಹೋಗಿದ್ದರೆ ಸಾಮಾನ್ಯವಾಗಿ 60 ದಿನ ಬೇರೆಡೆಗೆ ವರ್ಗಾಯಿಸಲಾಗದಂತೆ ಲಾಕ್ ಇರುತ್ತದೆ. ಆ ದಿನಗಳಲ್ಲಿ ಸುಮ್ಮನೆ ಕೂರದೆ ಎಲ್ಲಾ ಲೇಖನಗಳ ಬ್ಯಾಕಪ್ ಇಳಿಸಿಕೊಳ್ಳಿ, ಹಳೆಯ ಲೇಖನಗಳ ರಿವಿಷನ್ಸ್ ತೆರೆದು ಒಂದೊಂದೇ ನೋಡಿ.