ಮಲಾವಿಯೋ ಟ್ಯಾಂಗನಿಕಾವೋ: ತೊಟ್ಟಿಗೆ ಯಾವ ಸರೋವರದ ಮೀನು?

ಆಫ್ರಿಕಾದ ಸಿಕ್ಲಿಡ್ ಕುಟುಂಬದ ಮೀನು ಸಾಕುವ ಮೊದಲು ನಿಮ್ಮ ತೊಟ್ಟಿ ಎಷ್ಟು ದೊಡ್ಡದು ನೋಡಿಕೊಳ್ಳಿ. ಬಣ್ಣ ಬೇಕೆಂದರೆ ಮಲಾವಿ ಸರೋವರದ ಎಂಬುನಾ ಮೀನುಗಳು. ನೀಲಿ, ಹಳದಿ, ಕಣ್ಣಿಗೆ ಹಬ್ಬ. ಆದರೆ ಮಹಾ ಜಗಳಗಂಟಿಗಳು, ದೊಡ್ಡ ತೊಟ್ಟಿಯೇ ಬೇಕು. ಬಂಡೆಯ ಪಾಚಿ ಕೆರೆದು ತಿನ್ನುವ ಜಾತಿಗಳೇ ಜಾಸ್ತಿ, ಮಾಂಸದ ಆಹಾರ ಸುರಿದರೆ ಹೊಟ್ಟೆ ಕೆಡುತ್ತದೆ.

ಟ್ಯಾಂಗನಿಕಾ ಸುಮಾರು 1,470 ಮೀಟರ್ ಆಳ, ಮಲಾವಿಯ ಎರಡು ಪಟ್ಟು. ಅಷ್ಟು ದೊಡ್ಡ ಸರೋವರದಲ್ಲಿ ಮಲ್ಟಿಫ್ಯಾಸಿಯಾಟಸ್ ಮೀನಿಗೆ ಖಾಲಿ ಬಸವನಹುಳುವಿನ ಚಿಪ್ಪೇ ಮನೆ! ನಾಲ್ಕೈದು ಸೆಂಟಿಮೀಟರಿನ ಈ ಪುಟಾಣಿ ಬಾಯಲ್ಲಿ ಮರಳು ಕಚ್ಚಿ ಆಚೆ ಉಗಿದು, ಮತ್ತೆ ಬಂದು ಕಚ್ಚಿ, ಚಿಪ್ಪಿನ ಸುತ್ತ ಗುಂಡಿ ತೋಡುವುದನ್ನು ನೋಡುತ್ತಾ ಕೂತರೆ ಟೈಮ್ ಹೋಗಿದ್ದೇ ಗೊತ್ತಾಗುವುದಿಲ್ಲ. ಬಣ್ಣ ಸಪ್ಪೆ, ನಿಜ.

ನೀರು ಎರಡಕ್ಕೂ ಗಡಸಾಗಿರಬೇಕು. ಚಿಕ್ಕ ತೊಟ್ಟಿಯಾದರೆ ನನ್ನ ಓಟು ಚಿಪ್ಪಿನ ಮೀನಿಗೇ. ಎರಡನ್ನೂ ಒಟ್ಟಿಗೆ ಮಾತ್ರ ಬಿಡಬೇಡಿ.