ಗುಲಾಬಿ ಎಸಳಿನ ಜಪಸರ: ಕೊಳ್ಳುವ ಮುನ್ನ

ಕಥೋಲಿಕರ ಪ್ರಾರ್ಥನೆಯಾದ ಲೊರೆಟ್ಟೊ ಸ್ತುತಿಮಾಲೆ ಯೇಸುವಿನ ತಾಯಿ ಮರಿಯಮ್ಮನವರನ್ನು ಗುಲಾಬಿಯೆಂದೇ ಕೊಂಡಾಡುತ್ತದೆ. ಹಾಗಾಗಿ ಎಸಳನ್ನೇ ಅರೆದು ಉಂಡೆಕಟ್ಟಿದ ಈ ಜಪಸರ ನನಗೆ ಬಲು ಮೆಚ್ಚು. ಮಣಿ ಒಟ್ಟು 59 ಇರಬೇಕು: ನಮೋ ಮರಿಯಾ ಪ್ರಾರ್ಥನೆಗೆ 53, ಪರಲೋಕ ಪ್ರಾರ್ಥನೆಗೆ 6. ಎಣಿಸಿಯೇ ಕೊಳ್ಳಿ.

ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದ ಎಸಳು ಕಪ್ಪಾಗುತ್ತದೆ. ಕಡುಗೆಂಪಾಗಿ ಹೊಳೆಯುವ ಮಣಿಗೆ ಬಣ್ಣ ಸೇರಿಸಿರುತ್ತಾರೆ. ಬರೀ ಅತ್ತರು ಸವರಿದ ಮರದ ಮಣಿಯ ಪರಿಮಳ ಬೇಗ ಹಾರಿಹೋಗುತ್ತದೆ. ಎಸಳಿನದು ಅಂಗೈ ಬಿಸಿಗೆ ಮತ್ತೆ ಘಮ್ಮೆನ್ನುತ್ತದೆ, ಅದೇ ಇದರ ಸೊಗಸು.

ನೀರು ತಾಗಿದರೆ ಮಣಿ ಉಬ್ಬಿ ಬಿರಿಯುತ್ತದೆ. ತೀರ್ಥದ ಬಟ್ಟಲಿಗೆ ಅದ್ದಬೇಡಿ, ಒಣ ಡಬ್ಬಿಯಲ್ಲಿಡಿ. ತಂತಿಕೊಂಡಿಯ ಬಾಯಿ ಪೂರ್ತಿ ಮುಚ್ಚಿದೆಯೇ ನೋಡಿ. ಪದಕದ ಬಳಿ ಎಳೆತ ಹೆಚ್ಚು, ಮೊದಲು ಬಿಡುವುದು ಅಲ್ಲೇ.