ಗಾಢ ಪರಿಮಳದ ಶವರ್ ಜೆಲ್: ರಾಯಚೂರಿನ ಬೋರ್ ನೀರಲ್ಲಿ ಒಂದು ವರ್ಷ

ಲ್ಯಾವೆಂಡರ್ ಹೂವಿನ, ಪಚೋಲಿ ಎಂಬ ಸುಗಂಧದ ಎಲೆಯ ವಾಸನೆ ಬೆರೆತ, ಮುಚ್ಚಳ ತೆಗೆದರೆ ಪಡಸಾಲೆವರೆಗೂ ಗಮ್ಮೆನ್ನುವ ಜಾತಿಯ ಜೆಲ್ ಇದು. 250 ಮಿ.ಲೀ. ಬಾಟಲಿ, ವರ್ಷದಲ್ಲಿ ಮೂರು ಮುಗಿದು ನಾಲ್ಕನೆಯದು ನಡೆದಿದೆ. ಲೇಬಲ್ ಮೇಲೆ ಮನಸ್ಸಿಗೆ ವಿಶ್ರಾಂತಿ ಎಂದು ದೊಡ್ಡಕ್ಷರದಲ್ಲಿ ಬರೆದಿದೆ. ವಿಶ್ರಾಂತಿ ಸಿಗುತ್ತದೆ, ಆದರೆ ಸುರಿದಷ್ಟೂ ಸಿಗುವುದಿಲ್ಲ. ನೀರು ಎಂಥದು, ಎಷ್ಟು ಬಿಸಿ, ವಾರಕ್ಕೆ ಎಷ್ಟು ಸಲ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಮೊದಲು ನೀರಿನ ಮಾತು. ನಮ್ಮ ಎಡೆದೊರೆ ನಾಡಿಗೆ ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ಆದರೂ ಎಷ್ಟೋ ಮನೆಗಳ ಬಚ್ಚಲಿಗೆ ಬರುವುದು ಬೋರಿನ ಸವಳು ನೀರು. ಸೋಪು ಈ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಒಡೆದ ಹಾಲಿನಂಥ ಗಸಿಯಾಗುತ್ತದೆ. ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಪಟ್ಟೆ ಅದೇ. ಮೈಮೇಲೂ ಅದು ಕೂರುತ್ತದೆ, ಪರಿಮಳ ಮಂಕಾಗುತ್ತದೆ. ಬಹುಪಾಲು ಶವರ್ ಜೆಲ್‌ಗಳು ಸೋಪಲ್ಲ, ಡಿಟರ್ಜೆಂಟ್ ಜಾತಿಯವು. ಹಾಗಾಗಿ ಸವಳು ನೀರಲ್ಲಿ ನೊರೆ ಸ್ವಲ್ಪ ಕಡಿಮೆಯಾದರೂ ಗಸಿ ಕಟ್ಟುವುದಿಲ್ಲ. ಕೊಳ್ಳುವಾಗ ಬಾಟಲಿ ತಿರುಗಿಸಿ ಅಂಶಗಳ ಪಟ್ಟಿ ಓದಿ: ನೀರಿನ ನಂತರ ಸೋಡಿಯಂ ಲಾರೆತ್ ಸಲ್ಫೇಟ್, ಕೊಕಮಿಡೊಪ್ರೊಪೈಲ್ ಬೀಟೈನ್ ಇದ್ದರೆ ಸರಿ. ಮೊದಲ ನಾಲ್ಕೈದರಲ್ಲೇ ಪೊಟ್ಯಾಸಿಯಂ ಲಾರೇಟ್, ಪೊಟ್ಯಾಸಿಯಂ ಮಿರಿಸ್ಟೇಟ್ ಕಂಡರೆ ಅದು ನೀರಾದ ಸೋಪು ಅಷ್ಟೇ, ಬೋರ್ ನೀರಿಗೆ ಬೇಡ. ಟಿಎಫ್‌ಎಂ, ಅಂದರೆ ಸೋಪಿನಲ್ಲಿರುವ ಒಟ್ಟು ಕೊಬ್ಬಿನಂಶ ಶೇಕಡಾ ಎಷ್ಟು ಎಂದು ಅಂಗಡಿಯಲ್ಲಿ ಕೇಳುವವರಿದ್ದಾರೆ. ಮೊದಲ ದರ್ಜೆಗೆ 76 ಎನ್ನುವ ಆ ಲೆಕ್ಕ ಸೋಪಿನ ಬಿಲ್ಲೆಯದು, ಜೆಲ್‌ಗೆ ಹೊಂದದು.

ನಲ್ಲಿಗೆ ಹೊಳೆ ನೀರು ಬಿಟ್ಟ ದಿನ ಮಾತ್ರ ಇನ್ನೊಂದು ತಮಾಷೆ: ಮೈ ಜಾರುತ್ತಲೇ ಇರುತ್ತದೆ, ಜೆಲ್ ಹೋಗಿಲ್ಲವೆಂದು ಜನ ಇನ್ನೂ ಒಂದು ಬಕೆಟ್ ಸುರಿದುಕೊಳ್ಳುತ್ತಾರೆ. ಮೆದು ನೀರಿನ ಗುಣವೇ ಹಾಗೆ. ನೊರೆ ಹೋದರೆ ಜೆಲ್ ಹೋಯಿತು.

ಈಗ ಬಳಸುವ ಬಗೆ. ಈ ಜೆಲ್ ಮಾಡಿದವರ ತಲೆಯಲ್ಲಿ ಇದ್ದದ್ದು ಶವರ್. ನಮ್ಮಲ್ಲಿ ಬಕೆಟ್ಟು, ತಂಬಿಗೆ. ಅಂಗೈಗೆ ಸುರಿದು ನೇರವಾಗಿ ಮೈಗೆ ತಿಕ್ಕಿದರೆ 12 ಮಿ.ಲೀ. ಹೋಗುತ್ತದೆ, ಪರಿಮಳ ಅರ್ಧವೂ ಏಳುವುದಿಲ್ಲ. ಕಾರಣ ಇದೆ. ಸುಗಂಧದ ಎಣ್ಣೆ ಡಿಟರ್ಜೆಂಟಿನ ಅತಿಸಣ್ಣ ಗುಂಪುಗಳೊಳಗೆ ಅಡಗಿ ಕೂತಿರುತ್ತದೆ. ಬೆಚ್ಚನೆ ನೀರು ಬೆರೆತು ಜೆಲ್ ತೆಳುವಾದಾಗ ಆ ಗುಂಪು ಒಡೆದು ಎಣ್ಣೆ ಗಾಳಿಗೆ ಬರುತ್ತದೆ. ಆದ್ದರಿಂದ ಬಲೆಯ ಉಂಡೆಯನ್ನೋ ಒಣಗಿದ ಹೀರೆಕಾಯಿ ನಾರನ್ನೋ ಬಿಸಿನೀರಲ್ಲಿ ಅದ್ದಿ, ಅರ್ಧ ಹಿಂಡಿ, 5 ರಿಂದ 6 ಮಿ.ಲೀ. ಹಾಕಿ, ಪಂಪ್ ಬಾಟಲಿಯಾದರೆ ಸುಮಾರು ಮೂರು ಒತ್ತು. ಮೈಗೆ ಮುಟ್ಟಿಸುವ ಮೊದಲೇ ಕೈಯಲ್ಲಿ ಹಿಸುಕಿ ನೊರೆ ಎಬ್ಬಿಸಿ. ಬಚ್ಚಲಿನ ಕಿಟಕಿ ಮುಚ್ಚಿರಲಿ, ಆದರೆ ಗ್ಯಾಸ್ ಗೀಸರ್ ಒಳಗೇ ಇದ್ದರೆ ಮುಚ್ಚಲೇಬೇಡಿ. ಪರಿಮಳಕ್ಕಿಂತ ಉಸಿರು ದೊಡ್ಡದು. ಕತ್ತು, ಹೆಗಲು, ಎದೆ ಮೊದಲು, ಕಾಲು ಕೊನೆಗೆ. ನೊರೆಯನ್ನು ಎರಡು ನಿಮಿಷ ಬಿಟ್ಟು ನಿಧಾನ ಉಸಿರಾಡಿ, ತೊಳೆಯಿರಿ.

ಸಂಡೂರು ಕಡೆಯ ಅದಿರಿನ ಕೆಂದೂಳಿನಲ್ಲೋ ಗಂಗಾವತಿಯ ರೈಸ್ ಮಿಲ್ಲಿನ ತೌಡಿನಲ್ಲೋ ದಿನವಿಡೀ ದುಡಿದು ಬಂದವರು ಮೊದಲು ಬರೀ ನೀರಲ್ಲಿ ಧೂಳು ಇಳಿಸಬೇಕು. ಇಲ್ಲದಿದ್ದರೆ ನಾರು ಉಪ್ಪುಕಾಗದದಂತೆ ಮೈ ಗೀರುತ್ತದೆ, ಗೀರಿದ ಕಡೆ ಪರಿಮಳದ ಜೆಲ್ ಉರಿಯುತ್ತದೆ. ಎಣ್ಣೆ ಸ್ನಾನಕ್ಕಂತೂ ಇದು ಸಾಲದು. ಸೀಗೆಪುಡಿ, ಕಡಲೆಹಿಟ್ಟಿನ ಕೆಲಸ ಅದು.

ಮನಸ್ಸಿನ ವಿಷಯ. ಮೂಗಿನ ಸುದ್ದಿ ಮೆದುಳಿನ ಭಾವನೆ, ನೆನಪಿನ ಭಾಗಗಳಿಗೆ ಬೇರೆ ಇಂದ್ರಿಯಗಳಿಗಿಂತ ಹತ್ತಿರದ ದಾರಿಯಲ್ಲಿ ಹೋಗುತ್ತದೆ. ಕೆಲಸ ಮುಗಿದ ಮೇಲಷ್ಟೇ ಮೂಸುವ ವಾಸನೆ ಕೆಲವು ವಾರದಲ್ಲಿ ದಿನ ಮುಗಿಯಿತು ಎನ್ನುವ ಗುರುತಾಗುತ್ತದೆ. ಅದೇ ಜೆಲ್ಲನ್ನು ಬೆಳಗಿನ ಗಡಿಬಿಡಿಯಲ್ಲೂ ಬಳಸಿದರೆ ಗುರುತು ಕೆಡುತ್ತದೆ. ವಾರಕ್ಕೆ ಮೂರು ರಾತ್ರಿ, ಮಲಗುವ ಒಂದೆರಡು ಗಂಟೆ ಮುಂಚೆ, ಇಷ್ಟೇ ಸಾಕು. ಬೆಚ್ಚನೆ ನೀರು ಚರ್ಮಕ್ಕೆ ರಕ್ತ ಎಳೆದು ಒಳಗಿನ ಕಾವು ಹೊರಹಾಕುತ್ತದೆ, ನಿದ್ದೆ ಬೇಗ ಹತ್ತುತ್ತದೆ. ಅಂದರೆ ಅರ್ಧ ಶ್ರೇಯ ನೀರಿನದೇ. ನಂಬಿಕೆ ಬಾರದಿದ್ದರೆ ಒಂದು ವಾರ ಅದೇ ಹೊತ್ತಿಗೆ, ಅದೇ ನೀರಲ್ಲಿ ವಾಸನೆಯಿಲ್ಲದ ಸೋಪು ಹಾಕಿ ಹೋಲಿಸಿ. ಕೆಲವೇ ನಿಮಿಷದಲ್ಲಿ ವಾಸನೆ ಕಡಿಮೆಯಾದಂತೆ ಕಂಡರೆ ಇನ್ನಷ್ಟು ಸುರಿಯಬೇಡಿ. ದಣಿದದ್ದು ಮೂಗು, ಜೆಲ್ ಅಲ್ಲ. ಸ್ನಾನ ಮುಗಿಸಿ ನೇರ ಊದಿನಕಡ್ಡಿ ಹಚ್ಚಿದರಂತೂ ಲ್ಯಾವೆಂಡರ್ ಕಥೆ ಅಲ್ಲಿಗೇ ಮುಗಿಯಿತು.

ಅಂದಹಾಗೆ ಲ್ಯಾವೆಂಡರ್ ಪರದೇಶದ್ದು ಎನಿಸಬಹುದು. ಅದರ ಮುಖ್ಯ ಪರಿಮಳದ ಅಂಶ ಲಿನಲೂಲ್ ನಮ್ಮ ಅಡುಗೆಮನೆಯ ಕೊತ್ತಂಬರಿ ಬೀಜದ ಎಣ್ಣೆಯಲ್ಲಿ ಇನ್ನೂ ಹೆಚ್ಚಿದೆ.

ಏಪ್ರಿಲ್, ಮೇನಲ್ಲಿ ಲೆಕ್ಕ ಬದಲಾಗುತ್ತದೆ. 40 ಡಿಗ್ರಿ ದಾಟಿದ ದಿನ ಸಿಂಟೆಕ್ಸಿನ ನೀರು ಸಂಜೆಗೂ ಕಾದೇ ಇರುತ್ತದೆ, ಪಚೋಲಿ ತಲೆಗೆ ಏರುತ್ತದೆ. ಆ ಎರಡು ತಿಂಗಳು ಮೆಂಥಾಲ್ ಇರುವ ಪುದೀನದ್ದು ವಾಸಿ. ಆದರೆ ಮೆಂಥಾಲ್ ಮೈ ತಣಿಸುವುದಿಲ್ಲ, ತಂಪು ಗುರುತಿಸುವ ನರಗಳನ್ನು ಮುಟ್ಟುತ್ತದೆ ಅಷ್ಟೇ. ಸ್ವಲ್ಪ ಹೊತ್ತಿಗೆ ಮತ್ತೆ ಬೆವರು. ಕಣ್ಣಿಗೆ, ಗುಪ್ತಾಂಗಕ್ಕೆ, ಆಗಷ್ಟೇ ಶೇವ್ ಮಾಡಿದ ಜಾಗಕ್ಕೆ ತಾಗಿಸಬಾರದು. ಹಸುಗೂಸುಗಳ ಹತ್ತಿರವೂ ಬೇಡ. ದಮ್ಮು, ಅರೆತಲೆನೋವು ಇರುವವರು ಯಾವ ಘಾಟು ಜೆಲ್ಲನ್ನೂ ದೂರ ಇಡುವುದು ಒಳ್ಳೆಯದು.

ಕೆಡುವ ಬಗೆಗಳು ಎರಡು. ತಗಡಿನ ಬಚ್ಚಲಲ್ಲಿ ಬಾಟಲಿ ಬಿಟ್ಟರೆ ಜೆಲ್ ನೀರಾಗುತ್ತದೆ. ತಣಿದ ಮೇಲೆ ಗಟ್ಟಿಯಾದರೆ ತೊಂದರೆಯಿಲ್ಲ, ಪದರ ಬಿಟ್ಟರೆ ಚೆಲ್ಲಿ. ಎರಡನೆಯದು ಸೂಕ್ಷ್ಮ: ಮುಚ್ಚಳ ಸಡಿಲವಿದ್ದರೆ ಲಿನಲೂಲ್, ಲಿಮೊನೀನ್ ಎಂಬ ಪರಿಮಳದ ಅಂಶಗಳು ಗಾಳಿ ತಾಗಿ ಆಕ್ಸಿಡೀಕರಣಗೊಳ್ಳುತ್ತವೆ, ಹಾಗಾದ ಮೇಲೆ ಚರ್ಮದ ಅಲರ್ಜಿಯ ಸಂಭವ ಹೆಚ್ಚು. ಯುರೋಪಿನಲ್ಲಿ ತೊಳೆದುಬಿಡುವ ಉತ್ಪನ್ನದಲ್ಲಿ ಇವು ಶೇ 0.01 ಮೀರಿದರೆ ಲೇಬಲ್ಲಿನಲ್ಲಿ ಹೆಸರು ಹಾಕಲೇಬೇಕು. ಹೊಸ ಬಾಟಲಿ ತಂದಾಗ ಮೊಣಕೈ ಒಳಬದಿಗೆ ನೊರೆ ಹಚ್ಚಿ, 5 ನಿಮಿಷ ಬಿಟ್ಟು ತೊಳೆಯಿರಿ, ಒಂದು ವಾರ ದಿನಕ್ಕೊಮ್ಮೆ. ಅಲರ್ಜಿಯ ತುರಿಕೆ ಒಂದೆರಡು ದಿನ ತಡವಾಗಿಯೂ ಬರುತ್ತದೆ, ಒಂದೇ ಸಲ ನೋಡಿ ಪಾಸು ಮಾಡಬೇಡಿ. ಡಿಸೆಂಬರಿನ ಒಣ ಗಾಳಿಯಲ್ಲಿ ಮೈ ಬಿಳಿಚಿದರೆ ಒದ್ದೆ ಇರುವಾಗಲೇ ಕೊಬ್ಬರಿ ಎಣ್ಣೆ ಸವರಿ.

ಬೆಲೆ 300 ರೂಪಾಯಿ ಎಂದು ಹಿಡಿದರೆ ಸ್ನಾನಕ್ಕೆ 7 ರೂಪಾಯಿ ಬೀಳುತ್ತದೆ. ದಿನವೂ ಬಳಸಿದರೆ ದುಬಾರಿ, ವಾರಕ್ಕೆ ಮೂರಾದರೆ ನಡೆಯುತ್ತದೆ. ನಾರನ್ನು ಪ್ರತಿ ಸಲ ಹಿಂಡಿ ಬಿಸಿಲಿಗೆ ಹಾಕಿ, ಅದಕ್ಕೆ ಇಲ್ಲಿ ಬರಗಾಲವಿಲ್ಲ. ಬಾಟಲಿ ತಳದ ಕೊನೆಯ 10 ಮಿ.ಲೀ.ಗೆ ನೀರು ಬೆರೆಸುವುದಿದ್ದರೆ ಅಂದೇ ಮುಗಿಸಿ. ನೀರು ಸೇರಿದರೆ ಸಂರಕ್ಷಕದ ಬಲ ಕುಗ್ಗಿ, ಉಳಿಸಿಟ್ಟದ್ದು ಹಳಸುತ್ತದೆ.